ಮಫ್ಲರ್ ಬಿಟ್ಟು ಕೌಲ್ ಹಿಡಿದವರು ಯಾರಿದ್ದೀರಿ? ಅಮ್ಮನಿಗೊಂದು ಹೆಣೆಯಬೇಕು

ನೂಲಿನೆಳೆ:
ಎಲ್ಲರಿಗೂ ನಮಸ್ಕಾರ. ನಾನು ಹೆಣಿಗೆ ಕಲಿತು ಒಂಬತ್ತು ವರ್ಷ ಆಯಿತು. ಮೊದಲ ಐದು ವರ್ಷ ಚಳಿಗಾಲ ಬಂತೆಂದರೆ ಮಫ್ಲರ್ ಹೆಣೆಯುತ್ತಿದ್ದೆ. ಈಗ ಬರೀ ಕೌಲ್. ಕೇಳಿಲ್ಲದವರಿಗೆ ಹೇಳುತ್ತೇನೆ, ಕೌಲ್ ಅಂದರೆ ಎರಡು ತುದಿಯನ್ನೂ ಸೇರಿಸಿಬಿಟ್ಟ ಮಫ್ಲರ್ ಇದ್ದ ಹಾಗೆ. ಬಳೆಯಂತೆ ದುಂಡಗಿರುತ್ತದೆ. ತಲೆಯ ಮೇಲಿಂದ ಇಳಿಸಿಕೊಂಡರೆ ಕುತ್ತಿಗೆಯ ಸುತ್ತ ಕೂತುಕೊಳ್ಳುತ್ತದೆ.

ಒಂದು ಚಳಿಗಾಲ ಪೂರ್ತಿ ನಸುಕಿನಲ್ಲಿ ಸೈಕಲ್ ತುಳಿಯುತ್ತಿದ್ದೆ. ಮಫ್ಲರ್ ಸುತ್ತಿ, ತುದಿಗಳನ್ನು ಕೋಟಿನೊಳಗೆ ಸಿಕ್ಕಿಸಿ ಹೊರಡುತ್ತಿದ್ದೆ. ಹತ್ತು ನಿಮಿಷಕ್ಕೆ ಒಂದು ತುದಿ ಆಚೆ ಬರುತ್ತಿತ್ತು. ನಿಲ್ಲಿಸಿ ಮತ್ತೆ ಸಿಕ್ಕಿಸಬೇಕು. ಅಷ್ಟರಲ್ಲಿ ಗಂಟಲ ಹತ್ತಿರ ಸಂದು ಬಿಟ್ಟು ತಣ್ಣನೆ ಗಾಳಿ ಎದೆಗೆ ಇಳಿದಿರುತ್ತಿತ್ತು. ಒಂದು ರಾತ್ರಿ ಉಳಿದಿದ್ದ ಉಲ್ಲನ್ ಉಂಡೆಯಲ್ಲಿ ಗಿಡ್ಡದೊಂದು ಕೌಲ್ ಶುರು ಮಾಡಿದೆ. ನಾಲ್ಕು ಸಂಜೆಗೆ ಮುಗಿಯಿತು. ಮಾರನೇ ದಿನ ಹಾಕಿಕೊಂಡು ಹೋದೆ. ಮನೆಗೆ ಬಂದು ತೆಗೆಯುವವರೆಗೂ ಅದನ್ನು ಒಂದು ಸಲವೂ ಮುಟ್ಟಿ ಸರಿಮಾಡಿರಲಿಲ್ಲ. ನನಗೆ ಕೌಲ್ ಹಿಡಿಸಿದ್ದು ಇದೇ ಕಾರಣಕ್ಕೆ. ಹಾಕಿದ ಜಾಗದಲ್ಲೇ ಇರುತ್ತದೆ. ಅದರ ಕಡೆ ಗಮನ ಕೊಡಬೇಕಿಲ್ಲ.

ಈಗ ಅಮ್ಮನಿಗೆ ಒಂದು ಹೆಣೆಯಬೇಕು. ಅವರ ಬಲ ಭುಜ ಹಿಡಿದುಕೊಂಡಿದೆ. ಕೈ ಗಲ್ಲದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಜೊತೆಗೆ ಉಣ್ಣೆ ಚುಚ್ಚುತ್ತದೆ ಅಂತಾರೆ. ನೀವೆಲ್ಲ ಕೌಲ್ ಯಾಕೆ ಇಷ್ಟಪಡುತ್ತೀರಿ, ಯಾವ ಅಳತೆಗೆ ಮಾಡುತ್ತೀರಿ, ಯಾವ ನೂಲು, ಕಡ್ಡಿನಾ, ಕೊಕ್ಕೆಯಲ್ಲಿ ಹೆಣೆಯುವ ಕ್ರೋಶಾನಾ, ಎಲ್ಲ ಬಿಡಿಸಿ ಹೇಳಿ. ಓದಿ ಒಂದು ತೀರ್ಮಾನಕ್ಕೆ ಬರುತ್ತೇನೆ.

ಸಂಜೆಗಾಳಿ:
ನಾನು ಹೆಣೆಯುವವನಲ್ಲ, ಹಾಕಿಕೊಳ್ಳುವವನು. ಅಕ್ಕ ಮಾಡಿಕೊಟ್ಟ ಬೂದು ಬಣ್ಣದ ಕೌಲ್ ಒಂದಿದೆ. ಕೋಟಿನ ಕಾಲರ್‌ಗೂ ಗಲ್ಲಕ್ಕೂ ಮಧ್ಯೆ ಒಂದು ಸಂದು ಇರುತ್ತದಲ್ವಾ, ಒಳಗಿನ ಬಿಸಿ ಗಾಳಿ ಆಚೆ ಹೋಗುವುದು ಅಲ್ಲಿಂದಲೇ. ಆ ಸಂದು ಮುಚ್ಚಿದರೆ ತೆಳು ಕೋಟಿನಲ್ಲೂ ಬೆಚ್ಚಗಿರಬಹುದು. ಗಾಳಿ ಜೋರಾದರೆ ಮೂಗಿನವರೆಗೆ ಎಳೆದುಕೊಳ್ಳುತ್ತೇನೆ. ನಿಂತ ಮೇಲೆ ಕೆಳಗಿಳಿಸುತ್ತೇನೆ. ಒಂದೇ ಮಾತು, ತುಂಬಾ ಹೊತ್ತು ಬಾಯಿಯ ಮೇಲೆ ಇಟ್ಟುಕೊಂಡರೆ ಉಸಿರಿನಿಂದ ಒದ್ದೆಯಾಗುತ್ತದೆ. ಆಗ ಆ ಭಾಗವನ್ನು ಹಿಂದಕ್ಕೆ ತಿರುಗಿಸಿ, ಒಣಗಿದ ಭಾಗ ಮುಂದೆ ತಂದುಕೊಳ್ಳಿ. ದುಂಡಗಿರುವುದರಿಂದ ಯಾವ ಭಾಗವಾದರೂ ಮುಂಭಾಗ ಆಗಬಹುದು.

ಉದ್ದದೆಳೆ:
ನಾನು ಒಪ್ಪುವುದಿಲ್ಲ. ಮಫ್ಲರ್ ಬಿಗಿ ಬೇಕಾದರೆ ಬಿಗಿ, ಸಡಿಲ ಬೇಕಾದರೆ ಸಡಿಲ. ಒಳಗೆ ಸೆಖೆಯಾದರೆ ಎಳೆದು ತೆಗೆದರೆ ಆಯಿತು. ಕೌಲ್ ತೆಗೆಯಬೇಕಾದರೆ ಕನ್ನಡಕ ಬಿಚ್ಚಬೇಕು, ಕಿವಿಯೋಲೆ ನೋಡಿಕೊಳ್ಳಬೇಕು, ಕೂದಲು ಕೆದರುತ್ತದೆ. ಹೆಣೆಯುವಾಗಲೇ ಅಳತೆ ಗಟ್ಟಿಯಾಗಿಬಿಡುತ್ತದೆ. ಒಂದಿಷ್ಟು ತಪ್ಪಿದರೂ ಗಂಟಲು ಹಿಚುಕಿದ ಹಾಗೆ, ಇಲ್ಲ ಜೋಲು. ಭುಜ ನೋವಿರುವವರಿಗಂತೂ ನಾನು ಮಫ್ಲರೇ ಕೊಡುತ್ತೇನೆ.

ಎರಡುಸುತ್ತು:
ಉದ್ದದೆಳೆ ಅವರೇ, ನೀವು ಹೇಳುವ ತೊಂದರೆ ಗಿಡ್ಡ ಕೌಲ್‌ನದು. ಉದ್ದ ಕೌಲ್ ಹಾಕಿ ನೋಡಿ. ಸುತ್ತಳತೆ 130 ರಿಂದ 150 ಸೆಂ.ಮೀ. ಇರುತ್ತದೆ. ಒಂದು ಸಲ ಕುತ್ತಿಗೆಗೆ ಹಾಕಿ, ಎಂಟರ ಆಕಾರಕ್ಕೆ ತಿರುವಿ, ಇನ್ನೊಂದು ಸಲ ಹಾಕಿಕೊಳ್ಳಬೇಕು. ಸೆಖೆಯಾದರೆ ಒಂದು ಸುತ್ತು ಬಿಚ್ಚಿ ಎದೆಯ ಮೇಲೆ ಇಳಿಬಿಡಿ. ಮುಖಕ್ಕೆ ತಾಗುವುದೇ ಇಲ್ಲ, ಕನ್ನಡಕಕ್ಕೂ ಏನೂ ಆಗುವುದಿಲ್ಲ. ಎರಡು ಪದರದ ಮಧ್ಯೆ ಗಾಳಿ ನಿಲ್ಲುವುದರಿಂದ ಬೆಚ್ಚಗೂ ಜಾಸ್ತಿ. ಉಣ್ಣೆ ಬೆಚ್ಚಗಿಡುವುದು ತನ್ನೊಳಗೆ ನಿಂತ ಗಾಳಿಯಿಂದ ತಾನೇ. ಜಾಲರಿಯಂಥ ತೆಳು ವಿನ್ಯಾಸ ಕೂಡ ಎರಡು ಸುತ್ತು ಬಂದು ಕೋಟಿನೊಳಗೆ ಕೂತರೆ ಚೆನ್ನಾಗಿ ಬೆಚ್ಚಗಿಡುತ್ತದೆ. ನೇರ ಗಾಳಿಗೆ ಒಡ್ಡಿದರೆ ಮಾತ್ರ ತೂರಿ ಬರುತ್ತದೆ.

ನೂಲು ಮಾತ್ರ ಗಿಡ್ಡ ಕೌಲ್‌ಗೆ ಹೋಲಿಸಿದರೆ ಎರಡೂವರೆ ಪಟ್ಟು ಬೇಕು. ಲೆಕ್ಕ ಹಾಕಿಕೊಂಡು ಶುರು ಮಾಡಿ. ಹೌದು, ಅಮ್ಮನಿಗೆ ಇದೂ ಆಗುವುದಿಲ್ಲ. ಎರಡನೇ ಸುತ್ತು ಹಾಕಲು ಕೈ ಮೇಲೆತ್ತಲೇಬೇಕು.

ಹಳೇಕಡ್ಡಿ:
ಮಕ್ಕಳೇ, ಅಳತೆಯ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಕೌಲ್ ಇರುವುದು ಕುತ್ತಿಗೆಯಲ್ಲಿ, ಆದರೆ ಅದರ ಅಳತೆ ತೀರ್ಮಾನ ಮಾಡುವುದು ತಲೆ. ದೊಡ್ಡವರ ತಲೆಯ ಸುತ್ತಳತೆ ಸುಮಾರು 56 ಸೆಂ.ಮೀ. ಕುತ್ತಿಗೆ ಅದಕ್ಕಿಂತ 20 ಸೆಂ.ಮೀ.ನಷ್ಟು ಕಮ್ಮಿ. ತಲೆ ದಾಟುವಷ್ಟು ಅಗಲ ಬಿಟ್ಟರೆ ಕುತ್ತಿಗೆಯಲ್ಲಿ ಸಡಿಲ ಉಳಿಯುತ್ತದೆ. ಆ ಸಡಿಲವನ್ನು ಏನು ಮಾಡುತ್ತೀರಿ ಅನ್ನುವುದರಲ್ಲೇ ಕೌಲ್‌ನ ಚಂದ ಇದೆ.

ದಾರಿ ಮೂರು. ಎತ್ತರ ಜಾಸ್ತಿ ಮಾಡಿದರೆ, ಅಂದರೆ 25 ಸೆಂ.ಮೀ. ಆಸುಪಾಸು, ಬಟ್ಟೆ ತಾನಾಗಿ ಮಡಚಿ ಮಡಚಿ ಕೂತು ಸಂದು ತುಂಬುತ್ತದೆ. ಇಲ್ಲ, ಎರಡು ನಿಟ್ ಎರಡು ಪರ್ಲ್ ರಿಬ್ ಹಾಕಿ, ಅಂದರೆ ಎರಡು ನೇರ, ಎರಡು ಉಲ್ಟಾ ಸ್ಟಿಚ್ ಬಂದು ಉಬ್ಬು ತಗ್ಗಿನ ಗೆರೆ ಬೀಳುವ ಹೆಣಿಗೆ. ರಿಬ್ ತಲೆ ದಾಟುವಾಗ ಹಿಗ್ಗಿ, ಆಮೇಲೆ ಕುಗ್ಗುತ್ತದೆ. ನನಗೆ ತುಂಬಾ ಇಷ್ಟವಾದದ್ದು ಮೂರನೆಯದು. ಕೆಳಗೆ 5 ಎಂ.ಎಂ. ಕಡ್ಡಿಯಲ್ಲಿ ಶುರು ಮಾಡಿ, ಮಧ್ಯದಲ್ಲಿ 4.5ಕ್ಕೆ ಬಂದು, ಮೇಲೆ 4ಕ್ಕೆ ಇಳಿಸುವುದು. ಒಂದು ಸ್ಟಿಚ್ಚೂ ಕಮ್ಮಿ ಮಾಡಬೇಕಿಲ್ಲ. ಬುಡ ಅಗಲವಾಗಿ ಭುಜದ ಮೇಲೆ ಕೂರುತ್ತದೆ, ಬಾಯಿ ಕಿರಿದಾಗಿ ಗಲ್ಲದ ಕೆಳಗೆ ನಿಲ್ಲುತ್ತದೆ. ಜೋಲು ಬೀಳುವ ಮಾತೇ ಇಲ್ಲ.

ಲೆಕ್ಕ ಕೇಳಿ. ಮಧ್ಯಮ ದಪ್ಪದ ನೂಲು, ವರ್ಸ್ಟೆಡ್ ಅಂತಾರಲ್ಲ, 5 ಎಂ.ಎಂ. ಕಡ್ಡಿಯಲ್ಲಿ ಹೆಣೆದರೆ 10 ಸೆಂ.ಮೀ.ಗೆ ಹೆಚ್ಚುಕಮ್ಮಿ 18 ಸ್ಟಿಚ್ ಬರುತ್ತದೆ. ಸುತ್ತಳತೆ 60 ಸೆಂ.ಮೀ. ಬೇಕಾದರೆ 108 ಸ್ಟಿಚ್. ನಾಲ್ಕರಿಂದ ಭಾಗ ಹೋಗುತ್ತದೆ, ರಿಬ್‌ಗೆ ಸರಿ. 40 ಸೆಂ.ಮೀ.ನ ವೃತ್ತಾಕಾರದ ಕಡ್ಡಿ, ಅಂದರೆ ಎರಡು ಕಡ್ಡಿಯ ಮಧ್ಯೆ ಬಾಗುವ ತಂತಿ ಇರುವಂಥದ್ದು ತಗೊಳ್ಳಿ. ಕಡ್ಡಿ ಯಾವಾಗಲೂ ಬಟ್ಟೆಯ ಸುತ್ತಳತೆಗಿಂತ ಗಿಡ್ಡ ಇರಬೇಕು, ಇಲ್ಲವಾದರೆ ಸ್ಟಿಚ್ ಎಳೆದಾಡುತ್ತದೆ. 22 ಸೆಂ.ಮೀ. ಎತ್ತರಕ್ಕೆ 100 ಗ್ರಾಂ ನೂಲು ಧಾರಾಳ ಸಾಕು. ನಿಮ್ಮ ಕೈ ಬಿಗಿಯೋ ಸಡಿಲವೋ ನನಗೆ ಗೊತ್ತಿಲ್ಲ, ಆದ್ದರಿಂದ ಮೊದಲು ಒಂದು ತುಂಡು ಹೆಣೆದು, ತೊಳೆದು, ಒಣಗಿಸಿ ಅಳೆಯಿರಿ. ತೊಳೆಯದೆ ಅಳೆದರೆ ಆ ಅಳತೆ ಸುಳ್ಳು ಹೇಳುತ್ತದೆ.

ಇನ್ನೊಂದು. ಸಾದಾ ಸ್ಟಾಕಿನೆಟ್ (ಮುಂಭಾಗದಲ್ಲಿ ಬರೀ ನಿಟ್ ಕಾಣುವ ನಯ ಹೆಣಿಗೆ) ಮಾತ್ರ ಹೆಣೆದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಮೇಲೆ ಕೆಳಗೆ ನಾಲ್ಕು ನಾಲ್ಕು ಸುತ್ತು ರಿಬ್ ಅಥವಾ ಗಾರ್ಟರ್ (ಎರಡೂ ಮುಖದಲ್ಲಿ ಅಡ್ಡ ಗೆರೆ ಕಾಣುವ ಹೆಣಿಗೆ) ಬೇಕು. ಮುಗಿಸುವಾಗ ಕೈ ಸಡಿಲ ಬಿಡಿ. ಕೊನೆಯ ಅಂಚು ಬಿಗಿಯಾದರೆ ತಲೆ ದಾಟುವುದಿಲ್ಲ. ಎರಡು ಸೈಜ್ ದೊಡ್ಡ ಕಡ್ಡಿಯಲ್ಲಿ ಬೈಂಡ್ ಆಫ್ ಮಾಡಿದರೆ ಆ ಚಿಂತೆ ಇಲ್ಲ.

ಬಿಳಿಮೋಡ:
ಹಳೇಕಡ್ಡಿ ಅಮ್ಮ, ನನ್ನ ಮೊದಲ ಕೌಲ್ ತಿರುಚಿಕೊಂಡಿತ್ತು. 108 ಅಲ್ಲ, 200 ಸ್ಟಿಚ್ಚಿನ ಉದ್ದ ಕೌಲ್. ಆರು ಸೆಂ.ಮೀ. ಹೆಣೆದ ಮೇಲೆ ಕಂಡಿತು. ಪೂರ್ತಿ ಬಿಚ್ಚಿದೆ. ಅವತ್ತು ಅತ್ತಿದ್ದೂ ಹೌದು. ತಪ್ಪಿಸಲು ಉಪಾಯ ಇದೆಯಾ?

ಹಳೇಕಡ್ಡಿ:
ಇದೆ ಮಗಳೇ. ಮೊದಲ ಎರಡು ಮೂರು ಸಾಲು ಸೇರಿಸದೆ, ಸುಮ್ನೆ ಅತ್ತಿಂದಿತ್ತ ಹೆಣೆ. ಅಷ್ಟಾದರೆ ಒಂದು ಪಟ್ಟಿಯಾಗಿ ಕಾಣುತ್ತದೆ, ಎಲ್ಲಿ ತಿರುಚಿದೆ ಅಂತ ಕಣ್ಣಿಗೆ ಬೀಳುತ್ತದೆ. ಆಮೇಲೆ ಸೇರಿಸು. ಕೆಳಗೆ ಉಳಿಯುವ ಚಿಕ್ಕ ಸೀಳನ್ನು ಶುರುವಿನ ನೂಲಿನ ಬಾಲದಿಂದಲೇ ಹೊಲಿದುಬಿಡು. ಮೊದಲ ಸುತ್ತಿನ ಕೊನೆಯಲ್ಲೇ ಗೊತ್ತಾದರೆ ಸೇರಿಸಿದ ಜಾಗದಲ್ಲಿ ಕಡ್ಡಿಯನ್ನು ತಿರುಗಿಸಿ ಸರಿಮಾಡಬಹುದು. ಅದು ದಾಟಿದರೆ ಬಿಚ್ಚದೆ ವಿಧಿಯಿಲ್ಲ.

ಗಣಿತದಮೇಷ್ಟ್ರು:
ಇಲ್ಲಿ ಒಂದು ವಿಷಯ ಹೇಳಲೇಬೇಕು. ತಪ್ಪಿ ತಿರುಚಿದ ಕೌಲ್ ನೋಡಿ "ಪರವಾಗಿಲ್ಲ, ಮೋಬಿಯಸ್ ಆಯಿತು" ಅಂತ ಸಮಾಧಾನ ಹೇಳುವವರಿದ್ದಾರೆ. ಅದು ಮೋಬಿಯಸ್ ಅಲ್ಲ. ವೃತ್ತದ ಕಡ್ಡಿಯಲ್ಲಿ ಸ್ಟಿಚ್ಚುಗಳು ತಿರುಚಿಕೊಂಡರೆ ಪೂರ್ತಿ ಒಂದು ತಿರುವು ಬೀಳುತ್ತದೆ, 360 ಡಿಗ್ರಿ. ಆಗಲೂ ಬಟ್ಟೆಗೆ ಎರಡು ಅಂಚು, ಎರಡು ಮುಖ. ಮೋಬಿಯಸ್ ಪಟ್ಟಿಗೆ ಬೇಕಾದದ್ದು ಅರ್ಧ ತಿರುವು, 180 ಡಿಗ್ರಿ. ಅದಕ್ಕೆ ಒಂದೇ ಅಂಚು, ಒಂದೇ ಮುಖ. ಬೆರಳಿಟ್ಟು ಅಂಚಿನುದ್ದಕ್ಕೂ ಹೋದರೆ ಎರಡು ಸುತ್ತು ಬಂದು ಹೊರಟ ಜಾಗಕ್ಕೇ ತಲುಪುತ್ತೀರಿ. 1858ರಲ್ಲಿ ಜರ್ಮನಿಯ ಇಬ್ಬರು ಗಣಿತಜ್ಞರು, ಆಗಸ್ಟ್ ಮೋಬಿಯಸ್ ಮತ್ತು ಯೋಹಾನ್ ಲಿಸ್ಟಿಂಗ್, ಬೇರೆ ಬೇರೆಯಾಗಿಯೇ ಇದನ್ನು ಗುರುತಿಸಿದರು.

ನಿಜವಾದ ಮೋಬಿಯಸ್ ಕೌಲ್ ಬೇಕಾದರೆ ಉದ್ದ ಪಟ್ಟಿ ಹೆಣೆದು, ಒಂದು ತುದಿಯನ್ನು ಅರ್ಧ ತಿರುವಿ, ಹೊಲಿಯಿರಿ. ಹೊಲಿಗೆ ಬೇಡ ಅನ್ನುವವರಿಗೆ ಅಮೆರಿಕದ ಕ್ಯಾಟ್ ಬೋರ್ಡಿ ಅವರು ಪ್ರಚಾರಕ್ಕೆ ತಂದ ಕಾಸ್ಟ್ ಆನ್, ಅಂದರೆ ಕಡ್ಡಿಗೆ ಮೊದಲ ಸ್ಟಿಚ್ಚುಗಳನ್ನು ಹಾಕುವ ವಿಧಾನ ಇದೆ. ಅದರಲ್ಲಿ ಉದ್ದನೆಯ ಕಡ್ಡಿಯ ತಂತಿ ಎರಡು ಸುತ್ತು ಬಂದಿರುತ್ತದೆ. ಪಟ್ಟಿಯ ನಡುವಿನಿಂದ ಶುರುವಾಗಿ ಹೆಣಿಗೆ ಎರಡೂ ಕಡೆಗೆ ಒಟ್ಟಿಗೇ ಬೆಳೆಯುತ್ತದೆ. ಕೊನೆಗೆ ಒಂದೇ ಅಂಚು ಮುಗಿಸುತ್ತೀರಿ. ನನ್ನ ಹೆಂಡತಿ ಅದನ್ನು ಹೆಣೆಯುವಾಗ ಪಕ್ಕದಲ್ಲೇ ಕೂತು ನೋಡಿದ್ದೇನೆ. ಇಪ್ಪತ್ತು ವರ್ಷ ಕಾಗದದ ಪಟ್ಟಿ ಅಂಟಿಸಿ ಪಾಠ ಮಾಡಿದವನಿಗೆ ಅದು ಕೈಯಲ್ಲಿ ಬೆಳೆಯುವುದನ್ನು ನೋಡಿ ಆದ ಸಂತೋಷ ಹೇಳಲಾರೆ. ಹಾಕಿಕೊಂಡಾಗ ಆ ಅರ್ಧ ತಿರುವು ಗಂಟಲ ಮುಂದೆ ಒಂದರ ಮೇಲೊಂದು ಬಂದು ಕೂರುತ್ತದೆ, ಗಾಳಿಗೆ ಸಂದೇ ಸಿಗುವುದಿಲ್ಲ.

ಕೊಕ್ಕೆಗುಬ್ಬಿ:
ಕ್ರೋಶಾ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲ! ನಾನು ಬರೀ ಕ್ರೋಶಾ. ಕಡ್ಡಿ ಹೆಣಿಗೆಯಲ್ಲಿ ನೂರು ಸ್ಟಿಚ್ ಒಟ್ಟಿಗೆ ಕಡ್ಡಿಯ ಮೇಲಿರುತ್ತವೆ. ಒಂದು ಜಾರಿದರೆ ಎದೆ ಝಲ್ ಅನ್ನುತ್ತದೆ. ಕ್ರೋಶಾದಲ್ಲಿ ಕೊಕ್ಕೆಯ ಮೇಲೆ ಇರುವುದು ಒಂದೇ ಕುಣಿಕೆ. ತಪ್ಪಾದರೆ ಅಲ್ಲಿಯವರೆಗೆ ಎಳೆದು, ಮತ್ತೆ ಶುರು ಮಾಡಿದರೆ ಆಯಿತು. ಬಸ್ಸಿಗೆ ಕಾಯುವಾಗ ಎರಡು ಸಾಲು, ಮಗು ಮಲಗಿದಾಗ ಎರಡು ಸಾಲು. ಕೈಕೆಲಸ ಹೊಸದಾಗಿ ಕಲಿಯುವವರಿಗೆ ಕ್ರೋಶಾ ಕೌಲ್‌ನಷ್ಟು ಒಳ್ಳೆಯ ಮೊದಲ ಕೆಲಸ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ಆದರೆ ಎಚ್ಚರ. ಕ್ರೋಶಾ ಬಟ್ಟೆ ದಪ್ಪ, ಹಿಗ್ಗುವುದು ಕಮ್ಮಿ, ನೂಲೂ ಜಾಸ್ತಿ ನುಂಗುತ್ತದೆ. ಸಿಂಗಲ್ ಕ್ರೋಶಾ ಅನ್ನುವ ಗಿಡ್ಡ ಸ್ಟಿಚ್ಚನ್ನು ಬಿಗಿಯಾಗಿ ಹಾಕಿದರೆ ಕುತ್ತಿಗೆಗೆ ರಟ್ಟಿನ ಪಟ್ಟಿ ಕಟ್ಟಿದ ಹಾಗೆ ಆಗುತ್ತದೆ. ನೂಲಿನ ಚೀಟಿಯಲ್ಲಿ ಬರೆದಿರುವುದಕ್ಕಿಂತ ಒಂದೆರಡು ಸೈಜ್ ದೊಡ್ಡ ಕೊಕ್ಕೆ ತಗೊಳ್ಳಿ. ಸಿಂಗಲ್‌ಗಿಂತ ಸ್ವಲ್ಪ ಎತ್ತರದ ಹಾಫ್ ಡಬಲ್ ಕ್ರೋಶಾ ಹಾಕಿ. ಪ್ರತಿ ಸಾಲಿನಲ್ಲೂ ಸ್ಟಿಚ್ಚಿನ ತಲೆಯಲ್ಲಿರುವ ಎರಡು ಎಳೆಗಳಲ್ಲಿ ಹಿಂಬದಿಯದಕ್ಕೆ ಮಾತ್ರ ಕೊಕ್ಕೆ ಹಾಕುತ್ತಾ ಅತ್ತಿಂದಿತ್ತ ಮಾಡಿ. ರಿಬ್ ಥರ ಗೆರೆ ಗೆರೆಯಾಗಿ ಬರುತ್ತದೆ, ಹಿಗ್ಗುತ್ತದೆ. ಅದನ್ನು ಅಡ್ಡಕ್ಕೆ ತಿರುಗಿಸಿ ಎರಡು ತುದಿ ಸೇರಿಸಿ. ಕ್ರೋಶಾದಲ್ಲಿ ನಾನು ಕಂಡ ಅತಿ ಮೆತ್ತನೆಯ ಕೌಲ್ ಇದೇ.

ವಿನ್ಯಾಸ ಓದುವಾಗ ಅದು ಅಮೆರಿಕದ ಪದವೋ ಬ್ರಿಟನ್ನಿನ ಪದವೋ ನೋಡಿಕೊಳ್ಳಿ. ಅಮೆರಿಕದ ಸಿಂಗಲ್ ಕ್ರೋಶಾವನ್ನು ಬ್ರಿಟನ್ನಿನಲ್ಲಿ ಡಬಲ್ ಅಂತಾರೆ. ಗೊತ್ತಿಲ್ಲದೆ ಮಾಡಿದರೆ ಎತ್ತರವೆಲ್ಲ ತಲೆಕೆಳಗಾಗುತ್ತದೆ.

ನೂಲಿನೆಳೆ:
ಎಷ್ಟೊಂದು ಕಲಿತೆ! ಮೇಷ್ಟ್ರೇ, ಆ 360 ಡಿಗ್ರಿ ವಿಷಯ ನನಗೂ ಗೊತ್ತಿರಲಿಲ್ಲ. ನನ್ನ ಹತ್ತಿರ ತಿರುಚಿದ ಹಳೇ ಕೌಲ್ ಒಂದಿತ್ತು, ಈಗಷ್ಟೇ ಬೆರಳಿಟ್ಟು ನೋಡಿದೆ. ಎರಡು ಅಂಚೇ ಇದೆ.

ಇನ್ನು ಚುಚ್ಚುವ ಸಮಸ್ಯೆ. ಯಾವ ಉಣ್ಣೆ ತೋರಿಸಿದರೂ ಅಮ್ಮ ಬೆರಳ ತುದಿಯಲ್ಲಿ ಮುಟ್ಟಿ "ಮೆತ್ತಗಿದೆ" ಅಂತಾರೆ. ಕುತ್ತಿಗೆಗೆ ಇಟ್ಟ ಕೂಡಲೇ ಬೇಡ ಅಂತಾರೆ.

ಕುರಿಮಂದೆ:
ಬೆರಳ ತುದಿಯ ಚರ್ಮ ದಪ್ಪ, ಅದಕ್ಕೆ ಗೊತ್ತಾಗುವುದಿಲ್ಲ. ಕುತ್ತಿಗೆಯ ಪಕ್ಕಕ್ಕೆ ಅಥವಾ ಮೊಣಕೈ ಒಳಭಾಗಕ್ಕೆ ಐದು ನಿಮಿಷ ಇಟ್ಟು ನೋಡಬೇಕು. ಚುಚ್ಚುವುದು ಹೆಚ್ಚಿನ ಸಲ ಅಲರ್ಜಿಯಲ್ಲ, ಎಳೆಯ ದಪ್ಪದ ಪ್ರಶ್ನೆ. ಸುಮಾರು 30 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಎಳೆಯ ತುದಿ ಚರ್ಮಕ್ಕೆ ಒತ್ತಿದಾಗ ಬಾಗುವುದಿಲ್ಲ. ಅಲ್ಲಿನ ನರದ ತುದಿಗೆ ಅದು ತಿವಿದ ಹಾಗಾಗುತ್ತದೆ. ಸಣ್ಣ ಎಳೆಯಾದರೆ ಬಾಗಿಬಿಡುತ್ತದೆ. ಮೆರಿನೊ ಕುರಿಯ ಒಳ್ಳೆಯ ಉಣ್ಣೆ 20 ಮೈಕ್ರಾನ್ ಒಳಗೇ ಸಿಗುತ್ತದೆ. ಅಮ್ಮನಿಗೆ ಅಂಥದ್ದನ್ನೇ ಹುಡುಕಿ.

ಕೌಲ್‌ನಲ್ಲಿ ನನಗೆ ಇಷ್ಟವಾದ ಸಂಗತಿ ಇದು. ಸ್ವೆಟರ್‌ಗೆ ಬೇಕಾದಷ್ಟು ಸಣ್ಣೆಳೆಯ ಮೆರಿನೊ ಕೊಳ್ಳುವುದು ಎಲ್ಲರಿಗೂ ಆಗುವ ಮಾತಲ್ಲ. ಆದರೆ ಕೌಲ್‌ಗೆ ಒಂದು ಲಡಿ ಸಾಕು. ಮೈಯಲ್ಲಿ ಅತಿ ಸೂಕ್ಷ್ಮವಾದ ಜಾಗಕ್ಕೆ, ಕೈಯಲ್ಲಿರುವ ಅತಿ ಒಳ್ಳೆಯ ನೂಲು. ನಾನು ವರ್ಷಗಟ್ಟಲೆ ಎತ್ತಿಟ್ಟಿದ್ದ ಒಂಟಿ ಲಡಿಗಳೆಲ್ಲ ಕೌಲ್ ಆಗಿವೆ.

ಅಲ್ಪಾಕಾ, ಅಂದರೆ ದಕ್ಷಿಣ ಅಮೆರಿಕದ ಒಂಟೆ ಜಾತಿಯ ಪ್ರಾಣಿಯ ರೋಮದ ನೂಲು ಕೂಡ ಮೆತ್ತಗೆ, ಬೆಚ್ಚಗೆ. ಆದರೆ ಅದಕ್ಕೆ ಉಣ್ಣೆಯ ಪುಟಿತ ಇಲ್ಲ. ಭಾರಕ್ಕೆ ಜೋತು, ದಿನ ಕಳೆದಂತೆ ಹಿಗ್ಗುತ್ತದೆ. ಬಿಗಿಯಾದ ಗಿಡ್ಡ ಕೌಲ್‌ಗೆ ಬೇಡ, ಇಳಿಬೀಳುವ ಉದ್ದದ್ದಕ್ಕೆ ಚಂದ. ಅಕ್ರಿಲಿಕ್ ತೊಳೆಯಲು ಸುಲಭ, ಉಣ್ಣೆ ಆಗದೇ ಇರುವವರಿಗೆ ಅದೇ ಗತಿ. ಆದರೆ ಬೆವರು ಹೀರುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಉಸಿರು ಬೀಳುವ ಜಾಗದಲ್ಲಿ ಈ ಗುಣ ದೊಡ್ಡದು. ಅಕ್ರಿಲಿಕ್‌ಗೆ ಇಸ್ತ್ರಿ ಪೆಟ್ಟಿಗೆ ತಾಗಿಸಬೇಡಿ. ಬಿಸಿಗೆ ಎಳೆ ಕರಗಿ ಸೊರಗಿದರೆ ಮತ್ತೆ ಮೊದಲಿನಂತಾಗುವುದಿಲ್ಲ.

ಬಿಳಿಮೋಡ:
ತೊಳೆಯುವುದರ ಬಗ್ಗೆಯೂ ಒಂದು ಮಾತು. ಬಿಸಿ ನೀರು ಮತ್ತು ಉಜ್ಜಾಟ ಸೇರಿದರೆ ಉಣ್ಣೆ ಕುಗ್ಗಿ ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ. ಎಳೆಗಳ ಮೇಲಿನ ಸಣ್ಣ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ ಹೀಗಾಗುತ್ತದೆ. ತಣ್ಣೀರಲ್ಲಿ ನೆನೆಸಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ಮಟ್ಟಸವಾಗಿ ಹಾಸಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ಉದ್ದ ಆಗಿಬಿಡುತ್ತದೆ.

ಸಂಜೆಗಾಳಿ:
ತುದಿಗಳ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ಅದು ಬರೀ ಕಿರಿಕಿರಿಯ ಮಾತಲ್ಲ. ನರ್ತಕಿ ಇಸಡೋರಾ ಡಂಕನ್ 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್‌ನಲ್ಲಿ ತೀರಿಕೊಂಡರು. ಅವರ ಉದ್ದನೆಯ ಶಾಲು ಕಾರಿನ ಚಕ್ರಕ್ಕೆ ಸಿಕ್ಕಿಕೊಂಡಿತ್ತು. ಸೈಕಲ್, ಯಂತ್ರಗಳ ಹತ್ತಿರ ಇಳಿಬಿದ್ದ ತುದಿ ನಿಜಕ್ಕೂ ಅಪಾಯ. ಆಟದ ಮೈದಾನಕ್ಕೆ ಹೋಗುವ ಮಕ್ಕಳಿಗೂ ಅಷ್ಟೇ.

ಹಾಗಂತ ಕೌಲ್ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ. ಫುಟ್‌ಬಾಲ್ ನಿಯಮ ಮಾಡುವ ಐಎಫ್‌ಎಬಿ 2011ರಲ್ಲಿ ಆಟಗಾರರು ಸ್ನೂಡ್ ಹಾಕುವುದನ್ನು ನಿಷೇಧಿಸಿತು. ಸ್ನೂಡ್ ಅಂದರೆ ಇದೇ, ಬ್ರಿಟನ್ನಿನಲ್ಲಿ ಕರೆಯುವ ಹೆಸರು. ಓಡುವಾಗ ಯಾರಾದರೂ ಹಿಂದಿನಿಂದ ಹಿಡಿದೆಳೆದರೆ ಕುತ್ತಿಗೆಗೆ ಪೆಟ್ಟು ಬೀಳಬಹುದು. ಮಕ್ಕಳಿಗೆ ಮಾಡುವಾಗ ಎಳೆದರೆ ಸುಲಭವಾಗಿ ಹಿಗ್ಗುವ ರಿಬ್ ಹಾಕಿ, ಮಲಗಿಸುವ ಮುಂಚೆ ತಪ್ಪದೆ ತೆಗೆಯಿರಿ.

ಉದ್ದದೆಳೆ:
ಇದನ್ನು ಒಪ್ಪುತ್ತೇನೆ. ಸೈಕಲ್ಲಿಗೆ ಹೋಗುವಾಗ ನಾನೂ ಮಫ್ಲರ್ ಹಾಕುವುದಿಲ್ಲ, ಜಿಪ್ ಇರುವ ಕಾಲರ್ ಹಾಕುತ್ತೇನೆ. ಆದರೆ ನೂಲಿನೆಳೆ ಅವರ ಅಮ್ಮನ ಪ್ರಶ್ನೆ ಹಾಗೇ ಉಳಿದಿದೆ. ಕೈ ಮೇಲೇಳುವುದಿಲ್ಲ ಅಂದಿದ್ದಾರೆ.

ಹಳೇಕಡ್ಡಿ:
ಬಟನ್ ಹಾಕಬೇಕು. ದುಂಡಗೆ ಹೆಣೆಯಬೇಡ, ಪಟ್ಟಿಯಾಗಿ ಹೆಣೆ. ಒಂದು ತುದಿಯಲ್ಲಿ ಬಟನ್, ಇನ್ನೊಂದು ತುದಿಯಲ್ಲಿ ಕಾಜ. ಪಟ್ಟಿಯನ್ನು ಹಿಂದಿನಿಂದ ಭುಜದ ಮೇಲೆ ತಂದು, ಮುಂದೆ ಹಾಕಿಕೊಳ್ಳಲಿ.

ಇದರಲ್ಲಿ ಇನ್ನೊಂದು ಲಾಭ ಇದೆ. ಬಟನ್ ಬಿಚ್ಚುವುದರಿಂದ ತಲೆ ದಾಟಬೇಕಾದ ಕೆಲಸವೇ ಇಲ್ಲ. ಅಂದರೆ ಅಳತೆಯನ್ನು ಕುತ್ತಿಗೆಗೇ ತಗೊಳ್ಳಬಹುದು. ಅಮ್ಮನ ಕುತ್ತಿಗೆ 34 ಸೆಂ.ಮೀ. ಇದ್ದರೆ ಸುತ್ತಳತೆ 46 ಸಾಕು. ತುದಿಗಳು ಒಂದರ ಮೇಲೊಂದು ಬರಲು 6 ಸೇರಿಸು. ಒಟ್ಟು 52. ತಲೆ ದಾಟುವ ಯಾವ ಕೌಲೂ ಇಷ್ಟು ಹತ್ತಿರ ಕೂರುವುದಿಲ್ಲ.

ಕೊಕ್ಕೆಗುಬ್ಬಿ:
ಬಟನ್ ದೊಡ್ಡದಿರಲಿ. ಚಿಕ್ಕ ಬಟನ್ ಚಳಿಗೆ ಮರಗಟ್ಟಿದ ಬೆರಳಿಗೆ ಸಿಗುವುದಿಲ್ಲ.

ನೂಲಿನೆಳೆ:
ಹದಿನಾರು ದಿನ ಆಯಿತು, ಮಾಡಿ ಮುಗಿಸಿದೆ. ಕುರಿಮಂದೆ ಅವರು ಹೇಳಿದ ಹಾಗೆ ಸಣ್ಣೆಳೆಯ ಮೆರಿನೊ ತಂದೆ. ಐದು ನಿಮಿಷ ಅಮ್ಮನ ಕುತ್ತಿಗೆಗೆ ಇಟ್ಟು ಕೂತಿದ್ದೆವು. ಅವರು ಮಾತಾಡುತ್ತಾ ಮಾತಾಡುತ್ತಾ ಅದು ಅಲ್ಲಿರುವುದನ್ನೇ ಮರೆತರು. ಆಗಲೇ ಗೊತ್ತಾಯಿತು ಇದು ಸರಿ ಅಂತ.

20 ಸೆಂ.ಮೀ. ಅಗಲ, 52 ಸೆಂ.ಮೀ. ಉದ್ದ. ಪೂರ್ತಿ ಗಾರ್ಟರ್ ಹಾಕಿದೆ, ಅಂಚು ಸುರುಳಿಯಾಗದಿರಲಿ ಅಂತ. ಎರಡು ಮರದ ಬಟನ್. ಮೊದಲು ಬಟನ್‌ಗಳು ಬಲ ಕಾಲರ್ ಮೂಳೆಯ ಮೇಲೆ ಬರುವ ಹಾಗೆ ಮಡಚಿ ಕೊಟ್ಟೆ. ಹಾಕಿಕೊಳ್ಳಲು ಅವರಿಗೆ ಆಗಲಿಲ್ಲ. ಅಷ್ಟು ಸಣ್ಣ ಚಲನೆಗೂ ಬಲ ಭುಜ ನೋಯುತ್ತಿತ್ತು. ಪಟ್ಟಿ ತಿರುಗಿಸಿ, ಬಟನ್ ಎಡಗಡೆ ಎದೆಯ ಹತ್ತಿರಕ್ಕೆ ತಂದೆ. ಈಗ ಬಲಗೈಯಿಂದ ಕೆಳಗಿನ ಅಂಚು ಸುಮ್ನೆ ಹಿಡಿದುಕೊಂಡು, ಎಡಗೈಯಿಂದ ಬಟನ್ ತೂರಿಸುತ್ತಾರೆ. ಇವತ್ತು ಬೆಳಗ್ಗೆ ನಾನು ಚಪ್ಪಲಿ ಹುಡುಕುತ್ತಿದ್ದಾಗ ಅವರು ಆಗಲೇ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದರು.

ಬಿಳಿಮೋಡ:
ಓದಿ ತುಂಬಾ ಖುಷಿಯಾಯಿತು. ನಮ್ಮ ಅತ್ತೆಗೂ ಇದೇ ತೊಂದರೆ, ಅವರದು ಎಡ ಭುಜ. ಕಾಜಕ್ಕೆ ಎಷ್ಟು ಸ್ಟಿಚ್ ಬಿಟ್ಟಿರಿ?

ನೂಲಿನೆಳೆ:
4 ಸ್ಟಿಚ್. ಬಟನ್ 25 ಎಂ.ಎಂ. ಮೊದಲು ಸ್ವಲ್ಪ ಬಿಗಿ ಅನ್ನಿಸುತ್ತದೆ, ಗಾರ್ಟರ್ ಹಿಗ್ಗುವುದರಿಂದ ಎರಡು ದಿನಕ್ಕೆ ಸರಿಹೋಗುತ್ತದೆ. 5 ಬಿಡಬೇಡಿ, ಬಟನ್ ತಾನಾಗಿ ಕಳಚಿಕೊಳ್ಳುತ್ತದೆ. ಅತ್ತೆಯವರದು ಎಡ ಭುಜ ಆದರೆ ಬಟನ್ ಬಲಗಡೆಗೆ ಬರಲಿ. ಹೊಲಿಯುವ ಮುಂಚೆ ಪಿನ್ನು ಸಿಕ್ಕಿಸಿ, ಅವರ ಕೈಯಲ್ಲೇ ಒಂದು ಸಲ ಹಾಕಿಸಿ ನೋಡಿ.